ಇಬ್ಬರು ಎತ್ತರದವರು, ಒಂದೇ ಜಾಗ

ತಂಡದಲ್ಲಿ ಒಂದೇ ತರಹದ ಇಬ್ಬರು ಎತ್ತರದ ಆಟಗಾರರಿದ್ದಾರೆ, ಒಬ್ಬನನ್ನು ಬಿಟ್ಟುಕೊಡಲೇಬೇಕು. ಯಾರನ್ನು ಉಳಿಸಿಕೊಳ್ಳುವುದು? ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗರನ್ನು ಕೇಳಿ ನೋಡಿ, “ಚೆನ್ನಾಗಿ ಆಡುವವನನ್ನು ಸಾರ್” ಎಂದು ಥಟ್ಟನೆ ಹೇಳುತ್ತಾರೆ. ಅಮೆರಿಕದ ಎನ್.ಬಿ.ಎ. ಲೀಗ್‌ನ ಇಂಡಿಯಾನಾ ಪೇಸರ್ಸ್ ತಂಡ ಈ ಪ್ರಶ್ನೆಯನ್ನು ಸುಮಾರು ಐದು ವರ್ಷ ತಲೆಯಲ್ಲಿಟ್ಟುಕೊಂಡು ಒದ್ದಾಡಿತು. ಕೊನೆಗೆ ಅದು ಕೊಟ್ಟ ಉತ್ತರ ಬೇರೆಯೇ ಆಗಿತ್ತು.

ಆ ಇಬ್ಬರು ಮೈಲ್ಸ್ ಟರ್ನರ್ ಮತ್ತು ಡೊಮಾಂಟಸ್ ಸಬೋನಿಸ್. ಇಬ್ಬರೂ ಹುಟ್ಟಿದ್ದು 1996ರಲ್ಲಿ, ಒಬ್ಬ ಮಾರ್ಚ್‌ನಲ್ಲಿ, ಇನ್ನೊಬ್ಬ ಮೇ ತಿಂಗಳಲ್ಲಿ. ಇಬ್ಬರ ಎತ್ತರವೂ 7 ಅಡಿಗೆ ಒಂದೆರಡು ಅಂಗುಲ ಕಡಿಮೆ. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ‘ಡ್ರಾಫ್ಟ್’ನಲ್ಲಿ ಟರ್ನರ್ 2015ರಲ್ಲಿ 11ನೆಯವನು, ಸಬೋನಿಸ್ ಮರುವರ್ಷ 11ನೆಯವನು! ಟರ್ನರ್ ಮೊದಲಿನಿಂದಲೂ ಇಂಡಿಯಾನಾದಲ್ಲೇ ಇದ್ದ. ಲಿಥುವೇನಿಯಾದ ಹೆಸರಾಂತ ಆಟಗಾರ ಅರ್ವಿದಾಸ್ ಸಬೋನಿಸ್ ಅವರ ಮಗನಾದ ಈ ಸಬೋನಿಸ್ 2017ರಲ್ಲಿ ಪಾಲ್ ಜಾರ್ಜ್‌ಗೆ ಬದಲಾಗಿ ಬಂದ ಇಬ್ಬರಲ್ಲಿ ಒಬ್ಬ.

ಕಣ್ಣಿಗೆ ಒಂದೇ. ಆದರೆ ಉಪ್ಪೂ ಬಿಳಿ, ಸಕ್ಕರೆಯೂ ಬಿಳಿ. ಯಾವುದು ಮೇಲು ಎಂದು ಯಾರಾದರೂ ಕೇಳಿದರೆ, ಯಾವ ಅಡುಗೆಗೆ ಎಂದು ನಾವೇ ತಿರುಗಿ ಕೇಳಬೇಕಾಗುತ್ತದೆ.

ರಿಂಗ್ ನೆಲದಿಂದ 10 ಅಡಿ ಮೇಲಿದೆ. ಟರ್ನರ್ ಕೈಗಳನ್ನು ಅಗಲಿಸಿದರೆ ಒಂದು ಬೆರಳ ತುದಿಯಿಂದ ಇನ್ನೊಂದು ಬೆರಳ ತುದಿಗೆ 7 ಅಡಿ 4 ಅಂಗುಲ. ಸಬೋನಿಸ್‌ನ ತೋಳು ಅಷ್ಟು ಉದ್ದವಿಲ್ಲ. ರಿಂಗ್ ಕಡೆಗೆ ಎಸೆದ ಚೆಂಡು ಇಳಿಯತೊಡಗಿದ ಮೇಲೆ ಎದುರಾಳಿ ಅದನ್ನು ಮುಟ್ಟುವಂತಿಲ್ಲ; ಏರುತ್ತಿರುವಾಗಲೇ ತಡೆಯಬೇಕು. ಆ ಅರೆಕ್ಷಣದ ಕೆಲಸಕ್ಕೆ ಉದ್ದ ತೋಳು ಬೇಕೇ ಬೇಕು. 2018-19 ಮತ್ತು 2020-21ರಲ್ಲಿ ಪಂದ್ಯವೊಂದಕ್ಕೆ ಸರಾಸರಿ ಬ್ಲಾಕ್‌ಗಳಲ್ಲಿ ಲೀಗ್‌ಗೇ ಮೊದಲಿಗ ಟರ್ನರ್. ಇನ್ನೊಂದು ಗುಣ, 23 ಅಡಿ 9 ಅಂಗುಲ ದೂರದ ಮೂರು ಅಂಕದ ಗೆರೆಯಾಚೆಯಿಂದ ಎಸೆಯಬಲ್ಲ. ಅವನು ಅಲ್ಲಿ ನಿಂತರೆ ಅವನನ್ನು ಕಾಯುವ ಎದುರಾಳಿ ಸೆಂಟರ್ ಕೂಡ ಅಲ್ಲಿಗೇ ಬರಬೇಕು. ರಿಂಗ್ ಕೆಳಗೆ ಜಾಗ ಖಾಲಿಯಾಗುತ್ತದೆ.

ಸಬೋನಿಸ್ ಆ ಜಾಗವನ್ನು ಖಾಲಿ ಮಾಡುವವನಲ್ಲ, ತುಂಬುವವನು. ಫ್ರೀ ಥ್ರೋ ಗೆರೆಯ ಹತ್ತಿರ ಚೆಂಡು ಹಿಡಿದು ನಿಂತು, ಸುತ್ತ ಓಡುವವರಿಗೆಲ್ಲ ಪಾಸ್ ಹಂಚುತ್ತಾನೆ. ರಿಬೌಂಡ್‌ಗೆ ಭುಜ ಒಡ್ಡಿ ನಿಲ್ಲುತ್ತಾನೆ.

ಇನ್ನು ಅಂಕಪಟ್ಟಿ. (ಪೋಷಕರು ಮೊದಲು ನೋಡುವುದು ಅದನ್ನೇ ಅಲ್ಲವೇ?) 2020-21ರಲ್ಲಿ ಸಬೋನಿಸ್‌ನದು ಪಂದ್ಯಕ್ಕೆ ಸರಾಸರಿ 20.3 ಅಂಕ, 12 ರಿಬೌಂಡ್. ಟರ್ನರ್‌ನದು 12.6 ಅಂಕ, 6.5 ರಿಬೌಂಡ್. ಸಬೋನಿಸ್ 2020 ಮತ್ತು 2021ರಲ್ಲಿ ಆಲ್‌ಸ್ಟಾರ್ ಆದ. ಟರ್ನರ್ ಇಂಡಿಯಾನಾದಲ್ಲಿದ್ದ ಹತ್ತು ವರ್ಷಗಳಲ್ಲಿ ಒಮ್ಮೆಯೂ ಆಗಲಿಲ್ಲ.

ಇಬ್ಬರನ್ನೂ ಇಟ್ಟುಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ಸ್ಯಾನ್ ಆಂಟೋನಿಯೊ ತಂಡ ಡೇವಿಡ್ ರಾಬಿನ್‌ಸನ್ ಇದ್ದಾಗಲೇ 1997ರಲ್ಲಿ ಟಿಮ್ ಡಂಕನ್‌ನನ್ನು ತಂದು, ಇಬ್ಬರನ್ನೂ ಜೊತೆಗೇ ಆಡಿಸಿ 1999 ಮತ್ತು 2003ರಲ್ಲಿ ಚಾಂಪಿಯನ್ ಆಯಿತು. ಇಂಡಿಯಾನಾ ಕೂಡ 2019ರಿಂದ ಇಬ್ಬರನ್ನೂ ಒಟ್ಟಿಗೆ ಇಳಿಸಿತು. ಫಲ ಬರಲಿಲ್ಲ. 2021-22ರಲ್ಲಂತೂ 82 ಪಂದ್ಯಗಳಲ್ಲಿ ಗೆದ್ದದ್ದು ಬರೀ 25.

2022ರ ಫೆಬ್ರುವರಿ 8ರಂದು ಇಂಡಿಯಾನಾ ಸಬೋನಿಸ್‌ನನ್ನು ಸ್ಯಾಕ್ರಮೆಂಟೊ ಕಿಂಗ್ಸ್‌ಗೆ ಕೊಟ್ಟಿತು. ಅಂದರೆ ಪಟ್ಟಿಯಲ್ಲಿ ಮುಂದಿದ್ದವನು ಹೊರಟ. ಕಾಲು ನೋವಿನಿಂದ ಆಟ ನಿಲ್ಲಿಸಿದ್ದ ಟರ್ನರ್ ಉಳಿದ. ಈ ವ್ಯವಹಾರದ ಸ್ವಾರಸ್ಯ ನನಗೆ ಕಾಣುವುದು ಸ್ಯಾಕ್ರಮೆಂಟೊ ಕಡೆಯಲ್ಲಿ. ಅವರಿಗೂ ಇದೇ ಕಷ್ಟ! ಚೆಂಡನ್ನು ನಡೆಸುವ ಗಾರ್ಡ್‌ಗಳು ಅಲ್ಲಿ ಇಬ್ಬರು, ಡಿಆರನ್ ಫಾಕ್ಸ್ ಮತ್ತು ಟೈರೀಸ್ ಹ್ಯಾಲಿಬರ್ಟನ್. ಅವರು ಫಾಕ್ಸ್‌ನನ್ನು ಉಳಿಸಿಕೊಂಡು, ಇನ್ನೂ 22 ತುಂಬದ ಹ್ಯಾಲಿಬರ್ಟನ್‌ನನ್ನು ಕೊಟ್ಟರು. ಒಬ್ಬರ ಮನೆಯಲ್ಲಿ ಎರಡು ಕೊಡಪಾನ, ಇನ್ನೊಬ್ಬರ ಮನೆಯಲ್ಲಿ ಎರಡು ಹಗ್ಗ ಇದ್ದಂತೆ. ಯಾವ ಕೊಡಪಾನ ಹೆಚ್ಚು ಹೊಳೆಯುತ್ತದೆ ಎಂದು ನೋಡುತ್ತ ಕುಳಿತರೆ ನೀರು ಬರುವುದಿಲ್ಲ.

ಯಾರು ಗೆದ್ದರು ಎಂದು ಕೂಡಲೇ ತೀರ್ಪು ಹೇಳಿದವರು ಬಹಳ ಮಂದಿ. ಅವಸರ ಅದು. ಮರುವರ್ಷವೇ ಸ್ಯಾಕ್ರಮೆಂಟೊ 48 ಪಂದ್ಯ ಗೆದ್ದು, 16 ವರ್ಷಗಳಿಂದ ಸಿಗದಿದ್ದ ಪ್ಲೇಆಫ್ ಕಂಡಿತು; ಸಬೋನಿಸ್ ರಿಬೌಂಡ್‌ನಲ್ಲಿ ಲೀಗ್‌ಗೇ ಮೊದಲಿಗನಾದ. ಇಂಡಿಯಾನಾ ಆ ವರ್ಷ ಪ್ಲೇಆಫ್ ಮುಟ್ಟಲಿಲ್ಲ. ಆದರೆ ಹ್ಯಾಲಿಬರ್ಟನ್‌ಗೆ ಬೇಕಾದದ್ದು ಖಾಲಿ ಜಾಗ, ಅದನ್ನು ಮಾಡಿಕೊಡುವವನು ಟರ್ನರ್. 2024ರಲ್ಲಿ ತಂಡ ಪೂರ್ವ ವಿಭಾಗದ ಫೈನಲ್ ತಲುಪಿತು. 2025ರಲ್ಲಿ ಲೀಗ್ ಫೈನಲ್‌ಗೇ ಬಂದು, ಒಕ್ಲಹೋಮ ಸಿಟಿಗೆ 7ನೇ ಪಂದ್ಯದಲ್ಲಿ ಸೋತಿತು. ಆ ಪಂದ್ಯದಲ್ಲೇ ಹ್ಯಾಲಿಬರ್ಟನ್‌ನ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು.

ಟರ್ನರ್‌ನನ್ನು ಉಳಿಸಿಕೊಂಡರೂ ಇಂಡಿಯಾನಾದ ಮನಸ್ಸು ಪೂರ್ತಿ ನಿಂತಿರಲಿಲ್ಲ ಎನ್ನುವುದನ್ನೂ ಹೇಳಬೇಕು. 2022ರ ಜುಲೈನಲ್ಲಿ ಅದು ಡಿಆಂಡ್ರೆ ಏಟನ್ ಎಂಬ ಇನ್ನೊಬ್ಬ ಸೆಂಟರ್‌ನ ಮುಂದೆ ದೊಡ್ಡ ಮೊತ್ತ ಇಟ್ಟಿತ್ತು. ಅವನಿದ್ದ ಫೀನಿಕ್ಸ್ ತಂಡ ಅಷ್ಟೇ ಹಣ ಕೊಟ್ಟು ಅವನನ್ನು ಉಳಿಸಿಕೊಂಡಿತು. ಇನ್ನು 2025ರ ಜುಲೈನಲ್ಲಿ, ಫೈನಲ್ ಮುಗಿದ ಮರುತಿಂಗಳೇ, ಟರ್ನರ್ ಮಿಲ್ವಾಕಿ ಬಕ್ಸ್‌ನೊಡನೆ ನಾಲ್ಕು ವರ್ಷದ ಒಪ್ಪಂದ ಮಾಡಿಕೊಂಡು ಇಂಡಿಯಾನಾ ಬಿಟ್ಟ. ಈ ಸಲ ಬದಲಿಗೆ ಯಾರೂ ಬರಲಿಲ್ಲ.