ನಮ್ಮ ಕೂಟ, ನೆರೆಯವರ ಬೀದಿ

ಎರಡು ವರ್ಷಕ್ಕೊಮ್ಮೆ ನಡೆಯುವ ಈ ಸಮ್ಮೇಳನಕ್ಕೆ ದೂರದೂರುಗಳಿಂದ ಬಂದು ನೆರೆದಿರುವ ಕನ್ನಡ ಬಂಧುಗಳು, ಊಟದ ಸಾಲಿನಲ್ಲಿ ನಿಂತಾಗಲೋ ಕಾರ್ಯಕ್ರಮಗಳ ನಡುವಣ ಬಿಡುವಿನಲ್ಲೋ ಈ ಸ್ಮರಣ ಸಂಚಿಕೆಯ ಪುಟಗಳನ್ನು ತಿರುವುವಾಗ, ಇಲ್ಲೊಂದು ಚರ್ಚಿನ ಪ್ರಸ್ತಾಪವನ್ನು ಕಂಡು ಹುಬ್ಬೇರಿಸಬಹುದು. ಕನ್ನಡ ಸಮ್ಮೇಳನಕ್ಕೂ ಚರ್ಚಿಗೂ ಏನು ಸಂಬಂಧ? ಸಂಬಂಧವಿದೆ. ಅಮೆರಿಕದ ನಮ್ಮ ಎಷ್ಟು ಕನ್ನಡ ಕೂಟಗಳು ಮೊದಲು ಕಣ್ಣು ಬಿಟ್ಟದ್ದು ಯಾವುದೋ ಚರ್ಚಿನ ನೆಲಮಾಳಿಗೆಯಲ್ಲಿ ಎಂಬುದನ್ನು ಹಿರಿಯ ಸದಸ್ಯರು ಬಲ್ಲರು. ಯುಗಾದಿಯ ಬೇವು-ಬೆಲ್ಲ ಹಂಚಿದ್ದು, ಮಕ್ಕಳಿಗೆ ಅಕ್ಷರ ತಿದ್ದಿಸಿದ್ದು, ರಾಜ್ಯೋತ್ಸವಕ್ಕೆ ನಾಟಕವಾಡಿದ್ದು, ಎಲ್ಲವೂ ಆ ಮಡಚುವ ಕುರ್ಚಿಗಳ ನಡುವೆಯೇ. ನಾವು ಬಾಡಿಗೆ ಕೊಟ್ಟೆವು, ನೆಲ ಗುಡಿಸಿದೆವು, ದೀಪ ಆರಿಸಿ ಬೀಗದ ಕೈ ಹಿಂದಿರುಗಿಸಿದೆವು. ಅಲ್ಲಿಗೆ ಋಣ ತೀರಿತೆಂದು ತಿಳಿದೆವು. ಹಾಗೆ ತಿಳಿದದ್ದು ತಪ್ಪೆಂದು ನನಗೆ ಮನವರಿಕೆಯಾದ ಬಗೆಯನ್ನು ಮೊದಲು ಹೇಳಿ, ಅನಂತರ ನನ್ನ ಅಭಿಪ್ರಾಯವನ್ನು ತಮ್ಮ ಮುಂದಿಡುತ್ತೇನೆ.

ನಮ್ಮದು ಒಹಾಯೋ ರಾಜ್ಯದ ನಡುಗಾತ್ರದ ಒಂದು ಊರು. ನಮ್ಮ ಕೂಟ ಹನ್ನೊಂದು ವರ್ಷ ಒಂದೇ ಚರ್ಚಿನ ನೆಲಮಾಳಿಗೆಯಲ್ಲಿ ಸೇರುತ್ತಿತ್ತು. ಒಂದು ದೀಪಾವಳಿಯ ಶನಿವಾರ ಇನ್ನೂರೈವತ್ತು ಜನರಿಗೆಂದು ಅಡಿಗೆಯಾಗಿತ್ತು. ಬೆಳಿಗ್ಗೆಯಿಂದ ಹಿಮ ಸುರಿದುದರಿಂದ ಬಂದವರು ನೂರೈವತ್ತು ಜನ. ಬಿಸಿಬೇಳೆಭಾತು, ಪಲ್ಯ, ಹೋಳಿಗೆಗಳು ರಾಶಿಯಾಗಿ ಉಳಿದವು. ಮನೆಗೆ ಕಟ್ಟಿಕೊಳ್ಳಬಹುದಾದಷ್ಟನ್ನು ಎಲ್ಲರೂ ಕಟ್ಟಿಕೊಂಡ ಮೇಲೂ ಉಳಿದದ್ದನ್ನು, ಅಂದಿನ ಕಾರ್ಯದರ್ಶಿಯಾಗಿದ್ದ ನಾನೇ, ನನ್ನ ಕೈಯಾರೆ, ಹಿತ್ತಲಿನ ಕಸದ ತೊಟ್ಟಿಗೆ ಸುರಿದೆ. ಅನ್ನವನ್ನು ಚೆಲ್ಲಬಾರದೆಂದು ಅಮ್ಮ ಕಲಿಸಿದ್ದ ಪಾಠ ಆಗ ನೆನಪಾಗದೆ ಇರಲಿಲ್ಲ. ಆದರೆ ರಾತ್ರಿ ಹನ್ನೊಂದಾಗಿತ್ತು, ರಸ್ತೆ ಜಾರುತ್ತಿತ್ತು.

ಬುಧವಾರ ಬೀಗದ ಕೈ ಕೊಡಲು ಹೋದಾಗ ಪಾದ್ರಿಯವರು ಬೇಸರವನ್ನು ತೋರಗೊಡದೆ ಹೇಳಿದರು: "ನಿಮ್ಮ ಅಡಿಗೆಯ ಪರಿಮಳ ಇಡೀ ಕಟ್ಟಡದಲ್ಲಿತ್ತು. ಉಳಿದದ್ದನ್ನು ಫ್ರಿಜ್ಜಿನಲ್ಲಿ ಇಟ್ಟು ಹೋಗಿದ್ದರೆ ಭಾನುವಾರ ಸಂಜೆ ಎಂಬತ್ತು ಜನ ಉಣ್ಣುತ್ತಿದ್ದರು."

"ಯಾವ ಎಂಬತ್ತು ಜನ?" ಎಂದೆ.

"ಈ ಬೀದಿಯವರು" ಎಂದರು.

ನಾನು ತಲೆ ತಗ್ಗಿಸಿದೆ. ಪ್ರತಿ ಭಾನುವಾರ ಸಂಜೆ ಅದೇ ಅಡಿಗೆಮನೆಯಲ್ಲಿ, ಅದೇ ಒಲೆಗಳ ಮೇಲೆ, ನೆರೆಯವರಿಗಾಗಿ ಊಟ ಸಿದ್ಧವಾಗುತ್ತಿತ್ತು. ಹನ್ನೊಂದು ವರ್ಷದಲ್ಲಿ ನಮ್ಮಲ್ಲಿ ಒಬ್ಬರಿಗೂ ಅದು ತಿಳಿದಿರಲಿಲ್ಲ. ಬೀದಿಯವರ ಬಗ್ಗೆ ನಮಗೆ ಗೊತ್ತಿದ್ದುದು ಒಂದೇ: ನಮ್ಮ ಕಾರುಗಳು ತಮ್ಮ ಮನೆಯ ಮುಂದೆ ನಿಲ್ಲುತ್ತವೆಂದು ಅವರು ದೂರುತ್ತಾರೆ ಎಂಬುದು.

ಮುಂದಿನ ಭಾನುವಾರ ನಾನು ಹೋದೆ. ಭಿಕ್ಷೆಯ ಸಾಲನ್ನು ನಿರೀಕ್ಷಿಸಿದ್ದೆ. ಅಲ್ಲಿದ್ದುದು ಮೇಜುಗಳ ಸುತ್ತ ಕುಳಿತು ಮಾತನಾಡುತ್ತಿದ್ದ ಕುಟುಂಬಗಳು. ಬಡಿಸುವವರು ಯಾರು, ಉಣ್ಣುವವರು ಯಾರು ಎಂದು ಗುರುತಿಸುವುದು ಕಷ್ಟವಾಯಿತು. ಏಕೆಂದರೆ ಅಡಿಗೆ ಮಾಡಿದವರಲ್ಲಿ ಅರ್ಧಕ್ಕರ್ಧ ಅದೇ ಬೀದಿಯವರು. ಪಾದ್ರಿಯವರು ತಮ್ಮ ಚರ್ಚಿನ ಕಥೆ ಹೇಳಿದರು. ಅವರ ಸದಸ್ಯರು ಒಬ್ಬೊಬ್ಬರಾಗಿ ಉಪನಗರಗಳಿಗೆ ಹೋಗಿ ನೆಲೆಸಿದ್ದರು. ಭಾನುವಾರ ಬೆಳಿಗ್ಗೆ ಬಂದು ಪ್ರಾರ್ಥಿಸಿ ಹೊರಟರೆ ಮುಂದಿನ ಭಾನುವಾರದವರೆಗೆ ಬಾಗಿಲಿಗೆ ಬೀಗ. ಕಟ್ಟಡವನ್ನು ಮಾರಿಬಿಡುವ ಮಾತು ಸಹ ಬಂದಿತ್ತು. "ಆಗ ನಾವೂ ನಿಮ್ಮ ಹಾಗೆಯೇ ಇದ್ದೆವು. ಕಾರಿನಲ್ಲಿ ಬರುತ್ತಿದ್ದೆವು, ಕಾರಿನಲ್ಲಿ ಹೋಗುತ್ತಿದ್ದೆವು" ಎಂದರು. ಅವರದು ಚುಚ್ಚುಮಾತಲ್ಲ. ಆದರೂ ಅದು ನನಗೆ ನಾಟಿತು.

ಅಂದಿನಿಂದ ಈ ವಿಷಯವನ್ನು ಕುರಿತು ಓದತೊಡಗಿದೆ. ನಗರದ ನಡುಭಾಗದ ಎಷ್ಟೋ ಚರ್ಚುಗಳು ಎದುರಿಸಿದ ಸಂಕಟ ಇದು. ಸದಸ್ಯರು ದೂರ ಹೋದರು, ನೆರೆಹೊರೆ ಬದಲಾಯಿತು, ಕಟ್ಟಡ ಮಾತ್ರ ಉಳಿಯಿತು. ಕೆಲವು ಬಾಗಿಲು ಮುಚ್ಚಿದವು, ಕೆಲವು ಬಾಗಿಲು ತೆರೆದವು. ತೆರೆದವುಗಳಲ್ಲಿ ಎರಡನ್ನು ಇಲ್ಲಿ ಹೆಸರಿಸುತ್ತೇನೆ.

ನ್ಯೂಯಾರ್ಕಿನ ಚೆಲ್ಸೀ ಭಾಗದಲ್ಲಿರುವ ಹೋಲಿ ಅಪಾಸಲ್ಸ್ ಎಂಬ ಎಪಿಸ್ಕೋಪಲ್ ಚರ್ಚು 19ನೆಯ ಶತಮಾನದ ನಡುವಣ ಕಟ್ಟಡ. ಸದಸ್ಯರು ಕ್ಷೀಣಿಸಿ, ಮುಚ್ಚುವ ಸ್ಥಿತಿಗೆ ಬಂದಿದ್ದ ಕಾಲದಲ್ಲಿ, 1982ರಲ್ಲಿ, ಹಸಿದವರಿಗೆ ಮಧ್ಯಾಹ್ನದ ಊಟ ಹಾಕಲು ಆರಂಭಿಸಿತು. 1990ರಲ್ಲಿ ಕಟ್ಟಡಕ್ಕೆ ಬೆಂಕಿ ಬಿದ್ದು ಬಹುಭಾಗ ಹಾಳಾಯಿತು. ಪುನಃ ಕಟ್ಟಿದಾಗ ಅವರು ಮಾಡಿದ ಒಂದು ತೀರ್ಮಾನ ಗಮನಾರ್ಹ. ಪ್ರಾರ್ಥನೆಯ ಅಂಗಳದಲ್ಲಿ ಮೊದಲಿದ್ದ, ನೆಲಕ್ಕೆ ಬಿಗಿದ ಉದ್ದನೆಯ ಬೆಂಚುಗಳನ್ನು ಮತ್ತೆ ಹಾಕಲಿಲ್ಲ. ಆ ಜಾಗದಲ್ಲಿ ಊಟದ ಮೇಜುಗಳನ್ನು ಹಾಕಿದರು. ಭಾನುವಾರ ಪೂಜೆ ನಡೆಯುವಲ್ಲಿಯೇ ವಾರದ ದಿನಗಳಲ್ಲಿ ಪಂಕ್ತಿ ನಡೆಯತೊಡಗಿತು. ದೇವರ ಮನೆ ಯಾವುದು, ಊಟದ ಮನೆ ಯಾವುದು ಎಂಬ ಗೋಡೆಯನ್ನು ಬೆಂಕಿ ಸುಟ್ಟಿತು, ಅವರು ಮರಳಿ ಕಟ್ಟಲಿಲ್ಲ.

ಎರಡನೆಯದು ಇಂಡಿಯಾನಾಪೊಲಿಸ್ ನಗರದ ಬ್ರಾಡ್‌ವೇ ಯುನೈಟೆಡ್ ಮೆಥಡಿಸ್ಟ್ ಚರ್ಚು. ಇದರ ಕಥೆ ಇನ್ನೂ ಸೂಕ್ಷ್ಮವಾದುದು. ಈ ಚರ್ಚು ನೆರೆಯ ಬಡವರಿಗೆ ದವಸಧಾನ್ಯ ಕೊಡುತ್ತಿತ್ತು, ಮಕ್ಕಳಿಗೆ ಬೇಸಗೆಯ ಶಿಬಿರ ನಡೆಸುತ್ತಿತ್ತು. ಹೊರಗಿನವರ ಕಣ್ಣಿಗೆ ಎಲ್ಲವೂ ಸರಿಯಾಗಿತ್ತು. ಆದರೆ ಅಲ್ಲಿನ ಪಾದ್ರಿ ಮೈಕೆಲ್ ಮೇದರ್ ಅವರು, ನೆರೆಯ ತರುಣರು ಒಬ್ಬರಾದ ಮೇಲೊಬ್ಬರು ಹಿಂಸೆಗೆ ಬಲಿಯಾಗಿ ಅವರ ಅಂತ್ಯಕ್ರಿಯೆಗಳನ್ನು ನಡೆಸಬೇಕಾಗಿ ಬಂದಾಗ, ಇಷ್ಟೆಲ್ಲ ದಾನದಿಂದ ಆದದ್ದೇನು ಎಂದು ತಮ್ಮನ್ನೇ ಕೇಳಿಕೊಂಡರು. ದವಸ ಪಡೆಯಲು ಬಂದವರನ್ನು ಚರ್ಚು ಕೇಳುತ್ತಿದ್ದ ಪ್ರಶ್ನೆಗಳೆಲ್ಲ ಒಂದೇ ಜಾತಿಯವು: ನಿನಗೇನು ಕೊರತೆ, ಎಷ್ಟು ಸಾಲ, ಎಷ್ಟು ಆದಾಯ. ನಿನಗೇನು ಬರುತ್ತದೆ, ನೀನು ಯಾರಿಗೆ ಏನು ಕಲಿಸಬಲ್ಲೆ ಎಂದು ಯಾರೂ ಕೇಳಿರಲಿಲ್ಲ. ಅವರು ನಡುವೆ ಕೆಲವು ವರ್ಷ ಸೌತ್ ಬೆಂಡ್ ಎಂಬ ಊರಿನ ಚರ್ಚಿನಲ್ಲಿದ್ದಾಗ ಪ್ರಶ್ನೆಗಳನ್ನು ತಿರುಗಿಸಿ ಕೇಳತೊಡಗಿದರು. ದವಸಕ್ಕೆ ಬಂದ ಒಬ್ಬ ಹೆಂಗಸು ತನಗೆ ಚೆನ್ನಾಗಿ ಅಡಿಗೆ ಬರುತ್ತದೆ ಎಂದಳು. ಹಾಗಾದರೆ ನಮಗೆ ಮಾಡಿ ಬಡಿಸಿ ಎಂದರು. ಆ ಕೈರುಚಿ ಊರಿಗೆ ಪರಿಚಯವಾಗಿ ಮುಂದೆ ಆಕೆ ಸ್ವಂತ ಉಪಾಹಾರ ಗೃಹವನ್ನೇ ತೆರೆದಳು.

ಇಂಡಿಯಾನಾಪೊಲಿಸ್‌ಗೆ ಹಿಂದಿರುಗಿದ ಮೇಲೆ ಅದೇ ದಾರಿ ಮುಂದುವರಿಯಿತು. ದವಸದ ಕೋಣೆ ಮುಚ್ಚಿತು. ಬದಲಾಗಿ ಅದೇ ನೆರೆಹೊರೆಯ ಡಿಯಾಮನ್ ಹಾರ್ಜಸ್ ಎಂಬವರನ್ನು 'ತಿರುಗಾಡುತ್ತ ಆಲಿಸುವ' ಕೆಲಸಕ್ಕೆ ನೇಮಿಸಿಕೊಂಡರು. ಮನೆ ಮನೆಗೆ ಹೋಗುವುದು, ಜಗಲಿಯ ಮೇಲೆ ಕುಳಿತು ಕೇಳುವುದು, ಯಾರು ತೋಟ ಮಾಡುತ್ತಾರೆ, ಯಾರು ಹಾಡುತ್ತಾರೆ, ಯಾರು ಯಂತ್ರ ರಿಪೇರಿ ಬಲ್ಲರು ಎಂದು ತಿಳಿಯುವುದು, ಅವರನ್ನು ಒಬ್ಬರಿಗೊಬ್ಬರು ಭೇಟಿ ಮಾಡಿಸುವುದು. ಇಷ್ಟೇ ಕೆಲಸ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಾನ್ ಕ್ರೆಟ್ಸ್‌ಮನ್ ಮತ್ತು ಜಾನ್ ಮೆಕ್‌ನೈಟ್ ಅವರು 1993ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದ್ದ ತತ್ತ್ವವೂ ಇದೇ: ಒಂದು ಬಡಾವಣೆಯನ್ನು ಅದರ ಕೊರತೆಗಳಿಂದ ಅಳೆಯಬೇಡಿ, ಅದರ ಜನರ ಶಕ್ತಿಯಿಂದ ಅಳೆಯಿರಿ.

ಇದನ್ನೆಲ್ಲ ನಮ್ಮ ಕೂಟದ ಕಾರ್ಯಕಾರಿ ಸಮಿತಿಯ ಮುಂದಿಟ್ಟಾಗ ಬಂದ ಆಕ್ಷೇಪಣೆಗಳು ಹುರುಳಿಲ್ಲದವಲ್ಲ. ಹಿರಿಯರೊಬ್ಬರು, "ಅಯ್ಯಾ, ಚರ್ಚಿನವರು ಅನ್ನ ಹಾಕುವುದು ಜನರನ್ನು ತಮ್ಮ ಮತಕ್ಕೆ ಎಳೆಯಲಿಕ್ಕೆ. ನಾವೇನು ಮಿಷನರಿಗಳೇ?" ಎಂದರು. ಈ ಶಂಕೆಗೆ ಇತಿಹಾಸದ ಆಧಾರವಿದೆ, ಮುಚ್ಚಿಡಬೇಕಾಗಿಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದದ್ದು ಮತಪ್ರಚಾರಕ್ಕೆ. ಆದರೆ ಮತಾಂತರಗೊಂಡು ಜಾತಿಯಿಂದ ಹೊರಗಾದವರಿಗೆ ಜೀವನೋಪಾಯ ಬೇಕಾದಾಗ ಅವರು ನೇಯ್ಗೆಯ ಮಗ್ಗ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನೆಲದ ಭಾಷೆಯನ್ನು ಕಲಿತರು. ಮೋಗ್ಲಿಂಗ್ ಅವರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರತಂದು ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದರು. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಬಂತು. ಅವರ ಉದ್ದೇಶವನ್ನು ಒಪ್ಪದವರೂ ಆ ನಿಘಂಟನ್ನು ಇಂದಿಗೂ ಬಿಡಿಸಿ ನೋಡುತ್ತಾರೆ. ಪರದೇಶಕ್ಕೆ ಬಂದವರು ನೆರೆಯವರ ನುಡಿಗೆ ಕಿವಿಗೊಟ್ಟರೆ ಏನಾಗಬಹುದು ಎಂಬುದಕ್ಕೆ ಕನ್ನಡಿಗರಿಗಿಂತ ಬೇರೆ ಸಾಕ್ಷಿ ಬೇಕೆ? ಇನ್ನು ಮತಪ್ರಚಾರದ ಹಂಗು ನಮಗಿಲ್ಲ. ಹಾಗಿದ್ದಮೇಲೆ ನಮ್ಮ ಕೆಲಸ ಇನ್ನೂ ಹಗುರವಲ್ಲವೆ?

ಇನ್ನೊಬ್ಬರು 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂಬ ಗಾದೆಯನ್ನು ನೆನಪಿಸಿದರು. ಭಾಷೆಯನ್ನು ಉಳಿಸಲೆಂದು ಸೇರಿದ ಕೂಟ, ಮಕ್ಕಳಿಗೆ ಕನ್ನಡ ಕಲಿಸಲೇ ಕೈ ಸಾಲದಿರುವಾಗ, ಬೀದಿಯ ಉಸಾಬರಿ ಏಕೆ? ದಾನ ಮಾಡುವುದಾದರೆ ನಮ್ಮ ಊರಿನ ಶಾಲೆಗಳಿಗೆ ಮಾಡೋಣ. ಈ ಮಾತಿನಲ್ಲಿ ಸತ್ಯಾಂಶವಿದೆ. ಊರಿನ ಶಾಲೆಗೆ ಕಳಿಸುವ ಹಣವನ್ನು ನಿಲ್ಲಿಸೆಂದು ನಾನು ಹೇಳುವುದಿಲ್ಲ. ಆದರೆ ಹಣ ಕಳಿಸುವುದಕ್ಕೆ ಮನೆಯಿಂದ ಹೊರಗೆ ಬರಬೇಕಾಗಿಲ್ಲ. ನೆರೆಯವನನ್ನು ಅರಿಯಲು ಬರಲೇಬೇಕು. ನಮ್ಮ ಮಕ್ಕಳು ಬೆಳೆಯುವುದು ತುಮಕೂರಿನ ಬೀದಿಯಲ್ಲಲ್ಲ, ಈ ಬೀದಿಯಲ್ಲಿ. ಕನ್ನಡವೆಂದರೆ ಬಾಗಿಲು ಹಾಕಿಕೊಂಡು ಒಳಗೆ ನಡೆಸುವ ವ್ರತ ಎಂದು ಅವರಿಗೆ ಅನಿಸಿದರೆ, ಅವರು ಬಾಗಿಲು ತೆರೆದು ಹೋದ ದಿನವೇ ಕನ್ನಡವನ್ನೂ ಒಳಗೆ ಬಿಟ್ಟು ಹೋಗುತ್ತಾರೆ. ಕನ್ನಡದ ಹೆಸರಿನಲ್ಲಿ ಅವರು ನೆರೆಯವರಿಗೆ ಬಡಿಸಿದ ನೆನಪು ಇದ್ದರೆ, ಆ ಹೆಸರು ಅವರ ಜೊತೆಗೇ ಹೋಗುತ್ತದೆ.

ದಾಸೋಹ ಎಂಬ ಮಾತು ನಮಗೆ ಹೊಸತಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು (1907–2019) ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅನ್ಯರ ಸಾಧನೆಯನ್ನು ಕೊಂಡಾಡುವುದು ಸುಲಭ. ಉಳಿದ ಅನ್ನವನ್ನು ತೊಟ್ಟಿಗೆ ಸುರಿದ ಕೈಗಳಿಂದ ಕೊಂಡಾಡಿದರೆ ಅದು ಬರಿಯ ಬಾಯುಪಚಾರ.

ಖಜಾಂಚಿಯವರ ಆಕ್ಷೇಪಣೆ ಕಾನೂನಿನದು: ಉಂಡವರಿಗೆ ಹೊಟ್ಟೆ ಕೆಟ್ಟರೆ ಮೊಕದ್ದಮೆ ಹೂಡಲಾರರೆ? ಇದಕ್ಕೆ ಉತ್ತರವಿದೆ. 1996ರಲ್ಲಿ ಜಾರಿಗೆ ಬಂದ ಬಿಲ್ ಎಮರ್ಸನ್ ಆಹಾರದಾನ ಕಾಯಿದೆಯು, ಸದ್ಭಾವನೆಯಿಂದ, ಉಣ್ಣಲು ಯೋಗ್ಯವೆಂದು ಕಾಣುವ ಆಹಾರವನ್ನು ಲಾಭರಹಿತ ಸಂಸ್ಥೆಗಳಿಗೆ ಕೊಟ್ಟವರಿಗೆ, ಘೋರ ನಿರ್ಲಕ್ಷ್ಯ ತೋರದ ಪಕ್ಷದಲ್ಲಿ, ಹೊಣೆಗಾರಿಕೆಯಿಂದ ರಕ್ಷಣೆ ನೀಡುತ್ತದೆ. ಆಹಾರದ ಬಗ್ಗೆ ನಾವು ವಹಿಸಬೇಕಾದ ಎಚ್ಚರ ಸಾಮಾನ್ಯ ಜ್ಞಾನದ್ದು. ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಆರಲು ಬಿಡಬಾರದು, ಅಗಲವಾದ ಪಾತ್ರೆಗಳಿಗೆ ಹಂಚಿ ಬೇಗನೆ ಫ್ರಿಜ್ಜಿಗೆ ಸೇರಿಸಬೇಕು, ಏನೇನು ಹಾಕಿದೆ ಎಂದು ಚೀಟಿ ಅಂಟಿಸಬೇಕು. ಶೇಂಗಾ, ಗೋಡಂಬಿ ಇದ್ದರೆ ದಪ್ಪ ಅಕ್ಷರದಲ್ಲಿ ಬರೆಯಬೇಕು.

ಆದುದರಿಂದ ಪ್ರತಿನಿಧಿಗಳಲ್ಲಿ ನನ್ನ ಸಲಹೆಗಳು ಮೂರು. ಮೊದಲನೆಯದು, ಇಂಥ ಸಮ್ಮೇಳನಗಳಲ್ಲಿ ಸಾವಿರಾರು ಜನರ ಅಡಿಗೆ ನಡೆಯುವಾಗ, ಉಳಿಯುವ ಆಹಾರವನ್ನು ಅದೇ ಊರಿನ ಯಾವ ಸಂಸ್ಥೆಗೆ, ಯಾರು, ಎಷ್ಟು ಹೊತ್ತಿಗೆ ತಲುಪಿಸಬೇಕೆಂಬುದನ್ನು ಆಹಾರ ಸಮಿತಿಯು ಮೊದಲೇ ಗೊತ್ತುಮಾಡಲಿ. ಎರಡನೆಯದು, ಊರಿಗೆ ಮರಳಿದ ಮೇಲೆ ಪ್ರತಿಯೊಂದು ಕೂಟವೂ ತಾನು ಸೇರುವ ಕಟ್ಟಡದ ಸುತ್ತಲಿನ ನಾಲ್ಕು ಬೀದಿಗಳನ್ನು ಒಂದು ದಿನ ಕಾಲ್ನಡಿಗೆಯಲ್ಲಿ ಸುತ್ತಿ, ಅಲ್ಲಿನವರ ಹೆಸರು ಕೇಳಿಬರಲಿ. ಕೊಡಲು ಹೋಗುವುದು ಬೇಡ, ಕೇಳಲು ಹೋಗಲಿ. ಮೂರನೆಯದು, ಕನ್ನಡ ಶಾಲೆಯ ಮಕ್ಕಳು ತಿಂಗಳಿಗೊಮ್ಮೆ ಅಲ್ಲಿ ಬಡಿಸಲಿ, ಬಂದು ಅದನ್ನು ಕುರಿತು ಕನ್ನಡದಲ್ಲಿ ಒಂದು ಪುಟ ಬರೆಯಲಿ. ಪಠ್ಯಪುಸ್ತಕದ ಹಸುವಿನ ಪ್ರಬಂಧಕ್ಕಿಂತ ಅದು ಹೆಚ್ಚು ಕನ್ನಡವನ್ನು ಕಲಿಸೀತು.

ನಮ್ಮ ಕೂಟ ಇದನ್ನೆಲ್ಲ ಸಾಧಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಸಮಿತಿಯಲ್ಲಿ ಮತ ಸಮನಾಗಿ ಒಡೆದು, ಕೊನೆಗೆ ಆಸಕ್ತರು ಹೋಗಬಹುದು ಎಂಬ ನಿರ್ಣಯವಾಯಿತು. ಹೋದವರು ಐದು ಮನೆಯವರು. ಆ ವರ್ಷ ಅಮ್ಮ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. ಇಂಗ್ಲಿಷ್ ಬಾರದು, ಕಾರು ಬಾರದು. ಹಗಲೆಲ್ಲ ಕಿಟಕಿಯ ಬಳಿ ಕುಳಿತು ರಸ್ತೆ ನೋಡುವುದೇ ಅವರ ದಿನಚರಿ. ಒಂದು ಭಾನುವಾರ ಅವರನ್ನೂ ಕರೆದುಕೊಂಡು ಹೋದೆ. ಅಡಿಗೆಮನೆಯ ಹೊಣೆ ಹೊತ್ತಿದ್ದ ಆ ಬೀದಿಯ ಅಜ್ಜಿಯೊಬ್ಬರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ತಾಯಿಗೆ ಏನು ಬರುತ್ತದೆ?" ಎಂಬುದು. ಅಮೆರಿಕದಲ್ಲಿ ಅಮ್ಮನನ್ನು ಕುರಿತು ಹಾಗೆ ಯಾರೂ ಕೇಳಿರಲಿಲ್ಲ. ಅಷ್ಟೇ ಏಕೆ, ನಾನೂ ಕೇಳಿರಲಿಲ್ಲ. ಅವರಿಗೇನು ಬೇಕು ಎಂದಷ್ಟೇ ವಿಚಾರಿಸುತ್ತಿದ್ದೆ.

ಅಮ್ಮ ಮೂಲಂಗಿ ಹೆಚ್ಚಿದರು, ಬೇಳೆ ಬೇಯಿಸಿದರು, ಮುಂದಿನ ವಾರ ಸಾರಿನಪುಡಿ ತಂದರು. ಇಬ್ಬರು ಅಜ್ಜಿಯರ ನಡುವೆ ಭಾಷೆಯಿರಲಿಲ್ಲ, ಒಂದು ಸೌಟು ಇತ್ತು. ಊರಿಗೆ ಹೊರಡುವ ಹಿಂದಿನ ಭಾನುವಾರ ಬೀದಿಯ ಮಕ್ಕಳು ಪಾತ್ರೆ ಹಿಡಿದು ನಿಂತು "ಸಾರು, ಸಾರು" ಎಂದು ಕೇಳುತ್ತಿದ್ದರು. ಹನ್ನೊಂದು ವರ್ಷ ಅದೇ ನೆಲಮಾಳಿಗೆಯಲ್ಲಿ ನಾವು ಉತ್ಸವ ಮಾಡಿದ್ದೆವು. ಆ ಬೀದಿಯವರ ಬಾಯಲ್ಲಿ ಕನ್ನಡದ ಮಾತೊಂದನ್ನು ನಾನು ಕೇಳಿದ್ದು ಅದೇ ಮೊದಲು.