ಹೊಲಿಗೆ ವೈದ್ಯರದ್ದು, ಆಯ್ಕೆ ರೋಗಿಯದ್ದು
ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ವಿಚಾರಕ್ಕೆ ಕಾಪು, ಕಾರ್ಕಳದಿಂದ ಮಣಿಪಾಲಕ್ಕೆ ಬರುವವರು ಯಾವ ಸ್ಟೇಪ್ಲರ್, ಹೊಲಿಗೆ ಎಷ್ಟು ಪದರ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಜಠರದ ಗೋಡೆಯ ದಪ್ಪ ನೋಡಿ ಆ ಹೊತ್ತಿನಲ್ಲೇ ತೀರ್ಮಾನಿಸುವ ಇಂಥ ಸಂಗತಿಗಳನ್ನು ಅನುಭವಿ ಶಸ್ತ್ರವೈದ್ಯರಿಗೆ ಬಿಡುವುದೇ ಕ್ಷೇಮ. ಆದರೆ ಯಾವ ಶಸ್ತ್ರಚಿಕಿತ್ಸೆ ಎಂಬುದು ಬೇರೆಯದೇ ಪ್ರಶ್ನೆ. ಸ್ಲೀವ್ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಅದನ್ನು ಮತ್ತೆ ಜೋಡಿಸಲಾಗದು. ಬೈಪಾಸ್‌ನಲ್ಲಿ ಆಹಾರ ಸಾಗುವ ದಾರಿಯನ್ನೇ ಬದಲಿಸುತ್ತಾರೆ. 2018ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನದಲ್ಲಿ, ಐದು ವರ್ಷಗಳ ಬಳಿಕ ತೂಕ ಇಳಿಕೆಯಲ್ಲಿ ಇವೆರಡರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆಮ್ಲ ಮೇಲೇರಿ ಎದೆಯುರಿಯುವ ತೊಂದರೆ ಇದ್ದವರಿಗೆ ಬೈಪಾಸ್ ಹೆಚ್ಚು ಗುಣ ನೀಡಿತು. ಅಂದರೆ ಆಯ್ಕೆ ನಿಂತಿರುವುದು ರೋಗಿಯ ಕಾಯಿಲೆ, ಊಟ, ದಿನಚರಿಯ ಮೇಲೆ; ಅವನ್ನು ಚೆನ್ನಾಗಿ ಬಲ್ಲವರು ರೋಗಿಯೇ. ಹೆಚ್ಚು ಓದದವರಿಗೆ ಇದೆಲ್ಲ ಅರ್ಥವಾದೀತೇ, ಪ್ರಶ್ನಿಸಿದರೆ ನಂಬಿಕೆ ಕೆಡದೇ ಎಂದು ಕೇಳುವವರಿದ್ದಾರೆ. ತುಳುವಿನಲ್ಲೋ ಕನ್ನಡದಲ್ಲೋ ಸಾವಧಾನವಾಗಿ ಹೇಳಿದರೆ ತಿಳಿಯದಂಥದ್ದು ಇದರಲ್ಲೇನೂ ಇಲ್ಲ. ಚಿಕಿತ್ಸೆಯ ಸ್ವರೂಪ, ಅಪಾಯ, ಪರ್ಯಾಯಗಳನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳದ್ದು. ವಿಟಮಿನ್ ಮಾತ್ರೆ, ರಕ್ತಪರೀಕ್ಷೆ, ಊಟದ ಶಿಸ್ತು ಜೀವಮಾನದ್ದು. ಪ್ರಶ್ನೆ ಕೇಳಿ, ಉತ್ತರ ಪಡೆದು ಮೂಡಿದ ನಂಬಿಕೆಯೇ ಅಷ್ಟು ದೂರ ಬಾಳೀತು.