ಏನ್ ಕೆಲಸಕ್ಕ ಹೊಂಟ್ರಿ ಅಂತ ಕೇಳೋರಿಗೆ

ಅಕ್ಕಾರ, ವೈನ್ಯಾರ, ಈ ವಾರ ಅಡಗಿ ಬರಿಯೂದಿಲ್ಲ. ಸ್ವಲ್ಪ ಜಗಳಾನ ಬರೀತೀನಿ. ಸಿಟ್ಟು ಬಂದ್ರ ಬರಲಿ, ಆದ್ರ ಪೂರ್ತಿ ಓದಿದ ಮ್ಯಾಲ ಬರಲಿ.

ನಾನು ಮತ್ತ ನಮ್ಮನಿಯವರು ಎರಡು ವರ್ಷದಿಂದ ಐತವಾರ ಮುಂಜಾನಿ ಗಾಡಿ ಮ್ಯಾಲ ಹೊರಗ ಹೋಗ್ತೀವಿ. ಆರೂವರಿಗೆ ಬಿಟ್ರ ಹತ್ತರೊಳಗ ವಾಪಸ್. ಧಾರವಾಡ ಬಿಟ್ಟು ಇಪ್ಪತ್ತು ಕಿಲೋಮೀಟರ್ ದಾಟೂದು ಅಪರೂಪ. ಶನಿವಾರ ಸಂಜಿ ಹೊತ್ತಿದ್ರ ನುಗ್ಗಿಕೇರಿ ಹನಮಪ್ಪಗ ಹೋಗಿ ಬರ್ತೀವಿ. ಸುದ್ದಿ ಅಂದ್ರ ಇಷ್ಟ. ಇದಕ್ಕ ಓಣ್ಯಾಗ, ಬೀಗರೊಳಗ, ಮದವಿ ಮನಿ ಪಂಗತಿಯೊಳಗ ಎಷ್ಟು ಮಾತು ಹುಟ್ಟ್ಯಾವು ಅಂದ್ರ, ನಾವೇನು ಮನಿ ಮಾರಿ ವಿಮಾನ ಹತ್ತೀವೇನೋ ಅನ್ನಬೇಕು. "ಈ ವಯಸ್ಸಿನ್ಯಾಗ ಇದೇನ್ ಶೋಕಿ" ಅನ್ನೋರು ಕೆಲವರು. "ಮುದುಕಿ ಅತ್ತಿನ್ನ ಮನ್ಯಾಗ ಬಿಟ್ಟು ತಿರಗಾಕ ಹ್ಯಾಂಗ ಮನಸು ಬರತೈತಿ" ಅನ್ನೋರು ಕೆಲವರು. ಎಲ್ಲಾರೂ ಕೇಳೋ ಮಾತು ಮಾತ್ರ ಒಂದ: "ಏನ್ ಕೆಲಸಕ್ಕ ಹೊಂಟ್ರಿ?"

ನನ್ನ ಜಗಳ ಇರೋದು ಈ ಪ್ರಶ್ನೆ ಮ್ಯಾಲ. ಹೆಂಗಸು ಹೊಸ್ತಿಲಾ ದಾಟಬೇಕಂದ್ರ ಒಂದು ಕೆಲಸ ಇರಾಕಬೇಕು ಅಂತ ಯಾರು ಬರದಿಟ್ಟಾರ್ರಿ? ನಮಗ ಹೊರಗ ಹೋಗಾಕ ಒಪ್ಪಿಗಿ ಇರೋ ಕಾರಣಾ ಬೆರಳಮ್ಯಾಲ ಎಣಿಸಬಹುದು. ಮದವಿ, ಮುಂಜಿವಿ, ಸೀಮಂತ. ದವಾಖಾನಿ. ಯಾರರ ತೀರಿಕೊಂಡ್ರ ಮಣ್ಣಿಗೆ. ಕಾಯಿಪಲ್ಯದ ಸಂತಿ. ಗುಡಿ. ಇವಿಷ್ಟೂ ಕೆಲಸಾನ. ಮದವಿಗೆ ಹೋದ್ರೂ ಆಯೇರಿ ಹಿಡಕೊಂಡು ನಿಂದ್ರಬೇಕು, ಗುಡಿಗೆ ಹೋದ್ರೂ ಮಗನ ನೌಕರಿ, ಮಗಳ ಬಾಣಂತನ ಅಂತ ಮನಿಯವರ ಅರ್ಜಿನ ಹೊತ್ಕೊಂಡು ಹೋಗಬೇಕು. ಗಂಡಸರನ್ನ ನೋಡ್ರಿ. ಮುಂಜಾನಿ ಎದ್ದು ಚಾದ ಅಂಗಡಿಗೆ ಹೋಗಿ ಒಂದು ತಾಸು ಕುಂತು ಬಂದ್ರ ಯಾರರ ಏನ್ ಕೆಲಸ ಇತ್ತು ಅಂತ ಕೇಳ್ತಾರೇನು? ಕಟ್ಟಿಮ್ಯಾಲ ಕುಂತು ಇಡೀ ದೇಶದ ರಾಜಕಾರಣ ಮಾತಾಡಿದ್ರೂ ಅದು ಹೊತ್ತು ಕಳಿಯೂದು. ನಾವು ಅರ್ಧ ತಾಸು ಕೆರಿ ದಂಡಿಮ್ಯಾಲ ಕುಂತ್ರ ಅದು ಮನಿ ಮರ್ಯಾದಿ ಪ್ರಶ್ನೆ.

ಲೆಕ್ಕ ಬೇಕು ಅನ್ನೋರಿಗೆ ಲೆಕ್ಕಾನೂ ಕೊಡ್ತೀನಿ. ಕೇಂದ್ರ ಸರ್ಕಾರದವರು ಜನ ದಿನದಾಗ ಯಾವ ಕೆಲಸಕ್ಕ ಎಷ್ಟು ಹೊತ್ತು ಕೊಡ್ತಾರ ಅಂತ ಸಮೀಕ್ಷೆ ಮಾಡ್ತಾರ. 2024ರ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಮನೆಗೆಲಸಕ್ಕೆ ಕೈ ಹಚ್ಚುವ ಗಂಡಸರು ಕೊಡುವುದು 88 ನಿಮಿಷ. ವಾರಕ್ಕ ಕೂಡಿಸಿದ್ರ ನಮ್ಮದು ಹತ್ರ ಹತ್ರ 34 ತಾಸು, ಅವರದು 10 ತಾಸು. ಮಕ್ಕಳದು, ಮುದುಕರದು, ಹಾಸಿಗಿ ಹಿಡಿದವರದು ಜ್ವಾಕಿ ಮಾಡೋದು ಇದರಾಗ ಇಲ್ಲ, ಅದನ್ನ ಬ್ಯಾರೆನ ಲೆಕ್ಕ ಹಾಕ್ಯಾರ. 34 ತಾಸು ದುಡದಾಕಿ ಮೂರೂವರಿ ತಾಸು ತನಗಂತ ತಗೊಂಡ್ರ ಅದನ್ನ ಶೋಕಿ ಅನ್ನೋದು ಯಾವ ನ್ಯಾಯಾರಿ? ಸರ್ಕಾರಿ ನೌಕರಿಯವರಿಗೆ ಐತವಾರ ಸೂಟಿ. ಆ ಸೂಟಿ ದಿನಾನ ನಮ್ಮ ಅಡಗಿಮನ್ಯಾಗ ಎರಡು ಪಲ್ಯ ಹೆಚ್ಚಿಗಿ ಆಗ್ತಾವು.

ಇನ್ನ ವಯಸ್ಸಿನ ಮಾತು. ಐವತ್ತು ದಾಟಿದಾಕಿ ಗಂಡನ ಹಿಂದ ಗಾಡಿಮ್ಯಾಲ ಕುಂತ್ರ ನಗೂವಂಥದ್ದೇನೈತಿ? ಅದ ಗಾಡಿಮ್ಯಾಲ, ಅದ ಸೀಟಿನ ಮ್ಯಾಲ ರಕ್ತ ತಪಾಸಣಿಗೆ ಹೋಗ್ತೀವಿ, ಯಾರೂ ನಗೂದಿಲ್ಲ. ಮಣ್ಣಿಗೆ ಹೋಗ್ತೀವಿ, ಯಾರೂ ನಗೂದಿಲ್ಲ. ಅದ ಗಾಡಿ ಕೆಲಗೇರಿ ಕೆರಿ ಕಡೆ ತಿರಗಿತು ಅಂದ್ರ ನಗಿ ಬರತೈತಿ. ಅಂದ್ರ ನಿಮಗ ಕಣ್ಣಾಗ ಚುಚ್ಚೋದು ಗಾಡಿನೂ ಅಲ್ಲ, ವಯಸ್ಸೂ ಅಲ್ಲ. ನಾವು ಖುಷಿಯಿಂದ ಹೊಂಟೀವಿ ಅನ್ನೋದು.

"ನಮ್ಮ ಹಿರ್ಯಾರು ಹಿಂಗ ತಿರಗತಿದ್ರೇನು, ನಮ್ಮ ಪದ್ಧತಿ ಏನೈತಿ" ಅಂತ ಕೇಳೋರಿಗೆ ನಾನು ನೆಟ್ಟಗ ಹೇಳ್ತೀನಿ: ತಿರಗತಿದ್ರು. ನಮ್ಮ ಸೀಮಿ ಪಂಚಾಂಗದಾಗ ಹೊರಗ ಹೋಗೂದು ಹೊಲದ ಜೋಡಿನ ಹೆಣಕೊಂಡೈತಿ. ಮುಂಗಾರಿ ಪೀಕು ತುಂಬಿ ನಿಂತಾಗ ಸೀಗಿ ಹುಣ್ಣಿವಿ. ಹಿಂಗಾರಿ ಜ್ವಾಳ ಎದ್ದು ನಿಂತಾಗ ಎಳ್ಳ ಅಮಾಸಿ. ಆ ದಿನ ಚಕ್ಕಡಿ ಹೂಡಿ, ಮುದುಕರಿಂದ ಹಿಡಿದು ತೊಟ್ಟಿಲದ ಕೂಸಿನ ತನಕ ಎಲ್ಲಾರೂ ಹೊಲಕ್ಕ ಹೋಗಿ, ಭೂಮ್ತಾಯಿಗೆ ಪೂಜಿ ಮಾಡಿ, ಚರಗಾ ಚೆಲ್ಲಿ, ಗಿಡದ ನೆರಳಾಗ ಕುಂತು ಊಟಾ ಮಾಡೋದು. ಪಂಚಮಿಗೆ ಹುಣಸಿ ಗಿಡಕ್ಕ, ಬೇವಿನ ಗಿಡಕ್ಕ ಜೋಕಾಲಿ. ಮದವಿ ಆದಾಕಿನೂ, ಮಕ್ಕಳ ತಾಯಿನೂ ಜೀಕತಿದ್ಲು, ಯಾರೂ ವಯಸ್ಸು ಕೇಳತಿರಲಿಲ್ಲ. ಹೊಲದಾಗ ಸುಲಗಾಯಿ ಕಿತ್ತು ತಿನ್ನೂದು, ಎಳೀ ಜ್ವಾಳದ ತೆನಿ ಸುಟ್ಟು ಸೀತನಿ ತಿನ್ನೂದು, ಇವೆಲ್ಲಾ ಮನ್ಯಾಗ ಕುಂತು ಮಾಡೋ ಕೆಲಸ ಏನ್ರಿ?

ಪದ್ಧತಿ ಮುರದವರು ಯಾರು ಅಂತ ಈಗ ನೋಡ್ರಿ. ಊರು ಬಿಟ್ಟು ಶಾರಕ್ಕ ಬಂದ್ವಿ, ಹೊಲಾ ಲಾವಣಿಗೆ ಕೊಟ್ವಿ, ಎತ್ತು ಮಾರಿದ್ವಿ. ಆದ್ರ ಎಳ್ಳ ಅಮಾಸಿ ಅಡಗಿ ಮಾತ್ರ ಬಿಡಲಿಲ್ಲ. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಗುರೆಳ್ಳ ಚಟ್ನಿ, ಶೇಂಗಾ ಹೋಳಿಗಿ, ಎಲ್ಲಾ ಮಾಡ್ತೀವಿ. ಮಾಡಿ, ಟೀವಿ ಮುಂದ ಇಟ್ಟು ಬಡಸ್ತೀವಿ. ಹಬ್ಬದಾಗ ಎರಡು ಭಾಗ ಇದ್ದುವು, ಒಂದು ಮಾಡೋದು, ಒಂದು ಹೋಗೂದು. ಹೋಗೂ ಭಾಗ ಯಾವಾಗ ಕಡಿದು ಬಿತ್ತೋ ಯಾರೂ ಕೇಳಲಿಲ್ಲ. ಮಾಡೋ ಭಾಗ ಹಂಗ ನಮ್ಮ ತಲಿಮ್ಯಾಲ ಉಳೀತು. ಪದ್ಧತಿ ಉಳಸಬೇಕು ಅನ್ನೋರು ಆ ಕಡಿದ ಭಾಗಾನೂ ವಾಪಸ್ ತರ್ರಿ. ನಮ್ಮ ಮನ್ಯಾಗ ಈಗ ಚಕ್ಕಡಿ ಇಲ್ಲ, ಗಾಡಿ ಐತಿ. ಅದನ್ನ ಹೂಡತೀವಿ.

"ಹೋಗೂದಾದ್ರ ದೂರ ಹೋಗ್ರಿ, ನಾಕು ಮಂದಿ ನೋಡಿದಂಗ ಆಗತೈತಿ" ಅಂತ ಹೇಳೋರೂ ಅದಾರ. ವರ್ಷಕ್ಕೊಮ್ಮೆ ಟೆಂಪೊ ಮಾಡಿಸಿ ಹದಿನೈದು ಮಂದಿ ಪ್ರವಾಸ ಹೋಗ್ತಾರಲ್ಲ, ಆ ಪ್ರವಾಸದ ಹಿಂದಿನ ರಾತ್ರಿ ಯಾರು ಮಲಗಿರೂದಿಲ್ಲ ಅಂತ ನಿಮಗೂ ಗೊತ್ತೈತಿ. ನೂರು ಚಪಾತಿ, ಬುಟ್ಟಿ ತುಂಬ ರೊಟ್ಟಿ, ಚಟ್ನಿಪುಡಿ, ಮಸರನ್ನ, ಸಣ್ಣ ಹುಡುಗೂರಿಗೆ ಬ್ಯಾರೆ, ಸಕ್ಕರಿ ಬ್ಯಾನಿ ಇದ್ದವರಿಗೆ ಬ್ಯಾರೆ. ದಾರ್ಯಾಗ ಹಾಳಿ ಹಾಸಿ ಬಡಸೋರು ನಾವ, ಕಡಿಗೆ ಡಬ್ಬಿ ತೊಳಿಯೋರು ನಾವ. ಇದು ಅಡಗಿಮನಿಗೆ ಗಾಲಿ ಹಚ್ಚಿಧಂಗಾತು, ಸೂಟಿ ಆಗಲಿಲ್ಲ.

ಮ್ಯಾಲ ಇನ್ನೊಂದು ಮಾತು. ಯಲ್ಲಾಪುರದ ಹತ್ರ ಮಾಗೋಡ ಜಲಪಾತ ನೋಡಾಕ ಧಾರವಾಡದವರು ರೊಕ್ಕಾ ಕೂಡಿಸಿ ಹೋಗ್ತಾರ. ಹೋಗಲಿ, ಚೊಲೋ ಐತಿ. ಆದ್ರ ಅಲ್ಲಿ ಬೀಳೋದು ಬೇಡ್ತಿ ಹೊಳಿ. ಆ ಹೊಳಿ ಹುಟ್ಟೂದು ಇಲ್ಲೆ, ನಮ್ಮೂರ ದಂಡಿಗಿರೋ ಸೋಮೇಶ್ವರ ಗುಡಿ ಹತ್ರ, ಶಾಲ್ಮಲಾ ಅಂತ ಹೆಸರು ಇಟಗೊಂಡು. ಮಾಗೋಡದಾಗ ಫೋಟೊ ತಗಸ್ಕೊಂಡ ನಮ್ಮ ಓಣಿಯ ಎಷ್ಟು ಮಂದಿ ಸೋಮೇಶ್ವರಕ್ಕ ಹೋಗ್ಯಾರ ಅಂತ ಕೇಳಿ ನೋಡ್ರಿ.

ಹತ್ತಿರದ್ದನ್ನ ನೋಡಾಕ ಒಂದ ಸಲ ಹೋದ್ರ ಸಾಲೂದಿಲ್ಲ, ಹಂಗಾಮಿಗೊಮ್ಮೆ ಹೋಗಬೇಕು. ಮಿರಗದ ಮಳಿ ಬಿದ್ದ ಮ್ಯಾಲ ನುಗ್ಗಿಕೇರಿ ದಾಟಿ ಕಲಘಟಗಿ ರಸ್ತೇಕ್ಕ ಹೋದ್ರ ಕೆಂಪು ಮಣ್ಣಾಗ ಬಿತ್ತಿಗಿ ನಡದಿರತೈತಿ. ಸಾಧನಕೇರಿಗೆ ನಾವು ಹೋಗೂದು ಜಿಟಿಜಿಟಿ ಮಳಿಯೊಳಗ, ಬೇಂದ್ರೆಯವರ ಮನಿ ಇರೋ ಆ ಕೆರಿ ದಂಡಿಗೆ ಆಗ ಗದ್ದಲ ಇರೂದಿಲ್ಲ. ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳ ಸೆಪ್ಟೆಂಬರ್ ಸುಮಾರಿಗೆ ಬರತೈತಿ. ಅಲ್ಲಿ ಹೂವಿನ ಸಸಿ, ಕಾಯಿಪಲ್ಯದ ಬೀಜ ನೋಡಿ ತಗೊಂಡು ಬಂದ್ರ ಹಿತ್ತಲಕ್ಕ ವರ್ಷದ ಉದ್ಯೋಗ. ಥಂಡಿ ದಿನದಾಗ ಗರಗಕ್ಕ ಹೋಗಬೇಕು, ಮಡಿವಾಳೇಶ್ವರ ಮಠದ ದರ್ಶನ ಆಗತೈತಿ. ನಮ್ಮ ರಾಷ್ಟ್ರಧ್ವಜದ ಖಾದಿ ನೇಯೋ ಊರದು, ನೂಲೋರೊಳಗ, ನೇಯೋರೊಳಗ ಹೆಚ್ಚಿನವರು ಹೆಂಗಸರ. ಮುಂದ ಸುಲಗಾಯಿ, ಸೀತನಿ ಬಂದಾಗ ಹೆಬ್ಬಳ್ಳಿ ಕಡೆ ಎರಿ ಹೊಲದ ದಾರಿ. ಬ್ಯಾಸಗಿಗೆ ಕೆಲಗೇರಿ ಕಡೆ ಮಾವಿನ ತ್ವಾಟ, ರಸ್ತಾ ದಂಡಿಗೆ ಆಪೂಸ್ ರಾಶಿ, ಬುಟ್ಟ್ಯಾಗ ಕವಳಿಹಣ್ಣು. ಹುಬ್ಬಳ್ಳಿ ಕಡೆ ಹೋದ್ರ ಉಣಕಲ್ಲದಾಗ ಚಂದ್ರಮೌಳೇಶ್ವರ ಗುಡಿ, ಚಾಲುಕ್ಯರ ಕಾಲದ್ದು, ನಾಕೂ ದಿಕ್ಕಿಗೆ ಬಾಗಲಾ. ದಿನಾ ಬಸ್ಸಿನ್ಯಾಗ ಅದರ ಹತ್ರಾನ ಹಾದು ಹೋಗಿ ಒಳಗ ಕಾಲಿಡದವರು ನಮ್ಮೊಳಗ ಎಷ್ಟು ಮಂದಿ ಅದಾರ!

ಇದಕ್ಕ ಖರ್ಚೆಷ್ಟು? ನಮ್ಮ ಹಳೇ ಗಾಡಿ ಲೀಟರಿಗೆ ಐವತ್ತು ಕಿಲೋಮೀಟರ್ ಕೊಡತೈತಿ. ಹೋಗಿ ಬಂದ್ರ ಒಂದು ಲೀಟರ್ ಒಳಗ. ಇಬ್ಬರದು ಇಡ್ಲಿ-ಚಾ. ಒಂದು ಮದವಿ ಆಯೇರಿಗಿಂತ ಕಡಿಮಿ.

ನಮ್ಮವು ನಾಕು ನೇಮ ಅದಾವು, ಬೇಕಾದವರು ತಗೋರಿ. ಒಂದು, ಬುತ್ತಿ ಕಟ್ಟೂದಿಲ್ಲ. ಹೊರಗ ಸಿಕ್ಕ ಇಡ್ಲಿ, ಮಿರ್ಚಿ, ಗಿರ್ಮಿಟ್ ಏನರ ಸೈ. ಬುತ್ತಿ ಕಟ್ಟಿದ್ರ ಐತವಾರ ನಾಕಕ್ಕ ಏಳಬೇಕು, ಆಮ್ಯಾಲ ಅದು ಯಾರ ಸೂಟಿ? ಎರಡು, ಹೆಲ್ಮೆಟ್ ಇಬ್ಬರಿಗೂ. ಹಿಂದ ಕುಂತವರಿಗೂ ಕಾಯ್ದೆ ಐತಿ, ತುರುಬು ಕೆಡತೈತಿ ಅಂತ ಬಿಡಬ್ಯಾಡ್ರಿ. ಮೂರು, ಸೀರಿ ಉಟ್ಟಾಕಿ ಸೆರಗು, ನೆರಗಿ ಬಿಗಿಯಾಗಿ ಸಿಗಸಿಕೊಂಡು, ಗಾಲಿಗೆ ಸೀರಿ ಗಾರ್ಡ್ ಗಟ್ಟಿ ಐತೋ ಇಲ್ಲೋ ನೋಡಿ ಕೂಡಬೇಕು. ಚೂಡಿದಾರ ಹಾಕ್ಕೊಂಡು ಎರಡೂ ಕಡೆ ಕಾಲಿಟ್ಟು ಕುಂತ್ರ ಇನ್ನೂ ಚೊಲೋ, ಅದಕ್ಕೂ ಯಾರ ಒಪ್ಪಿಗಿನೂ ಬೇಕಾಗಿಲ್ಲ. ನಾಕು, ಎಲ್ಲಿಗೆ ಅನ್ನೋದನ್ನ ಒಂದು ವಾರ ಅವರು ಹೇಳಬೇಕು, ಒಂದು ವಾರ ನಾನು. ಈ ನಾಕನೇದ್ದು ಎಲ್ಲಕ್ಕಿಂತ ದೊಡ್ಡದು. ಇಡೀ ಜನ್ಮ "ನೀವು ಹೇಳಿದಲ್ಲಿಗೆ" ಅಂದಾಕಿಗೆ "ಇವತ್ತ ಈ ಕಡೆ ತಿರಗಸ್ರಿ" ಅನ್ನೋದು ರೂಢಿ ಆಗಾಕ ದಿನಾ ಬೇಕು.

ಈಗ ಅತ್ತಿ ಮಾತಿಗೆ ಬರ್ತೀನಿ, ಯಾಕಂದ್ರ ಎಲ್ಲಾರೂ ಕಡಿಗೆ ಇದ ಕಲ್ಲು ಎತ್ತತಾರ. ನಮ್ಮತ್ತಿಗೆ ಎಂಬತ್ತು ದಾಟ್ಯಾವು. ನಾವು ಹೊರಗಿದ್ದಾಗ ನನ್ನ ಮಗ ಚಾ ಕಾಸಿ, ಗುಳಗಿ ಕೊಟ್ಟು, ಹತ್ರ ಕೂಡ್ತಾನ. ಅವನಿಗೆ ಇಪ್ಪತ್ತಾರು ವರ್ಷ, ಅಜ್ಜಿಗೆ ಚಾ ಕೊಡಾಕ ಬರಾಕಬೇಕು. ಸೇವಾ ಅನ್ನೋದು ಸೊಸಿಗೆ ಒಬ್ಬಾಕಿಗೆ ಬರಕೊಟ್ಟ ಕೆಲಸ ಅಂತ ತಿಳಕೊಂಡ ಮನ್ಯಾಗ ಗಂಡು ಹುಡುಗೂರು ಕೈಲಾಗದವರಾಗಿ ಬೆಳೀತಾರ. ಮುದುಕರನ್ನ ಬಿಟ್ಟು ಹೋಗೂದು ಬ್ಯಾರೆ, ಮೂರು ತಾಸು ಇನ್ನೊಬ್ಬರ ಕೈಯಾಗ ಕೊಟ್ಟು ಹೋಗೂದು ಬ್ಯಾರೆ. ಮನ್ಯಾಗ ಯಾರೂ ಇಲ್ಲದಾಕಿ ಏನ್ ಮಾಡಬೇಕು ಅಂದ್ರ, ಓಣ್ಯಾಗ ನಾವಿದ್ದೀವಲ್ಲ. ಒಂದು ಐತವಾರ ಆಕಿ ಮನ್ಯಾಗ ನಾನು ಕೂಡ್ತೀನಿ, ಇನ್ನೊಂದು ಐತವಾರ ನಿಮ್ಮಲ್ಲೆ ಆಕಿ. ಬಾಣಂತನಕ್ಕ, ಸುತಕಕ್ಕ ಒಬ್ಬರಿಗೊಬ್ಬರು ಆಗ್ತೀವಿ, ಖುಷಿಗೆ ಯಾಕ ಆಗಬಾರದು?

ಗಂಡ ಇಲ್ಲದಾಕಿ, ಗಾಡಿ ಇಲ್ಲದಾಕಿ, ಗಂಡ ಕರಕೊಂಡು ಹೋಗದಾಕಿ, ಇವರನ್ನ ಬಿಟ್ಟು ನಾನು ಮಾತಾಡ್ತಿಲ್ಲ. 2023ರ ಜೂನ್‌ದಿಂದ ಸಾದಾ ಬಸ್ಸಿನ್ಯಾಗ ನಮಗ ತಿಕೀಟ ಇಲ್ಲ. ಗುರುತಿನ ಚೀಟಿ ತಗೊಂಡು ಇಬ್ಬರು ಮೂವರು ಕೂಡಿ ಗರಗಕ್ಕ ಹೋಗಿ ಬಂದ್ರ ಬುಟ್ಟಿ ಖಾಲಿ ಆಗೂದಿಲ್ಲ. ಹಂಗ ಹೋದ ಹೆಂಗಸರನ್ನ "ಪುಕ್ಕಟೆ ಸಿಕ್ಕಿದ್ದಕ್ಕ ತಿರಗತಾರ" ಅಂತ ಹಂಗಸತಾರಲ್ಲ, ಅವರ ಬಾಯಿಗೂ ನನ್ನ ಉತ್ತರ ಇದ: ತಿರಗಾಕ ಅಂತನ ಹೋಗಿದ್ದು, ತಪ್ಪೇನು?

ಕಡಿಗೆ, ಅತ್ತಿ ಆದವರಿಗೆ ಒಂದು ಖಡಕ್ ಮಾತು. ನಮ್ಮ ಸೊಸೆಂದ್ರು ಸ್ಕೂಟಿ ಹೊಡೀತಾರ. ಆಫೀಸಿಗೆ ಹೋದ್ರ ನಮಗ ಹೆಮ್ಮಿ, ಮೊಮ್ಮಗನ್ನ ಸಾಲಿಗೆ ಬಿಟ್ಟು ಬಂದ್ರ ಹೆಮ್ಮಿ. ಅದ ಹುಡಿಗಿ ಐತವಾರ ಸಂಜಿ ಗಂಡನ ಜೋಡಿನೋ, ಗೆಳತಿ ಜೋಡಿನೋ ಸುಮ್ಮನ ಒಂದು ಸುತ್ತು ಹೋಗಿ ಬರ್ತೀನಿ ಅಂದ್ರ ನಮ್ಮ ಮಾರಿ ಯಾಕ ಗಂಟ ಹಾಕಬೇಕು? ನಮಗ ಕೊಡದಿದ್ದನ್ನ ಆಕಿಗೂ ಕೊಡಬಾರದು ಅನ್ನೋದು ಹೊಟ್ಟಿಕಿಚ್ಚು, ಅದಕ್ಕ ಸಂಸ್ಕಾರ ಅಂತ ಹೆಸರು ಇಡಬ್ಯಾಡ್ರಿ.

ಈ ಸಲ ಎಳ್ಳ ಅಮಾಸಿಗೆ ಒಂದು ಕೆಲಸ ಮಾಡೂಣು. ಅಡಗಿ ಹಂಚಿಕೊಳ್ಳೂಣು. ಒಬ್ಬರದು ರೊಟ್ಟಿ, ಒಬ್ಬರದು ಎಣ್ಣಿಗಾಯಿ, ಗಂಡಸರದು ಸ್ವಚ್ಛ ಮಾಡೋದು ಮತ್ತ ಡಬ್ಬಿ ತೊಳಿಯೋದು. ಗಾಡಿ ಇದ್ದವರು ಗಾಡಿಮ್ಯಾಲ, ಇಲ್ಲದವರು ಬಸ್ಸಿಗೆ. ಹೊಲಾ ಯಾರದರ ಇದ್ರ ಈಗ ಹೇಳ್ರಿ. ನಮ್ಮ ಗಾಡಿ ಹಿಂದ ಜಾಗಾ ಇಲ್ಲ, ಅಲ್ಲೆ ನಾ ಕೂಡಾಕಿ.